ನಾಲ್ಕು ಬೆರಳು ಎಣ್ಣೆ

ಬೆಳಗ್ಗೆ ಏಲಕ್ಕಿ ಒಣಗಿಸುವ ಗೂಡಿನ ಬಾಗಿಲು ತೆಗೆದ ತೋಟದ ಸಾಹುಕಾರ ಉತ್ತಯ್ಯ ಹೊಸ್ತಿಲಲ್ಲೇ ನಿಂತುಬಿಟ್ಟರು. ಒಣಗಿಸಿ ಕಟ್ಟಿಟ್ಟಿದ್ದ ಆರು ಮೂಟೆ ಏಲಕ್ಕಿ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಘಮ ಮಾತ್ರ ಉಳಿದಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಹುದಿಕೇರಿ ಹೊರಠಾಣೆಗೆ ಹಾಸನದ ಕಡೆಯ ದಫೇದಾರ್ ಸಣ್ಣಸ್ವಾಮಿ ಬಂದು ಎರಡು ತಿಂಗಳು. ಪೊಲೀಸಾಗುವ ಮೊದಲು, ಯುದ್ಧದ ಕಾಲದಲ್ಲಿ, ಮಿಲಿಟರಿ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದವನು. ಮಧ್ಯಾಹ್ನ ಅವನು ತೋಟ ತಲುಪುವಷ್ಟರಲ್ಲಿ ಕಳ್ಳ ಸಿಕ್ಕಿಯಾಗಿತ್ತು. ಡ್ರೈವರ್ ಮಾದನನ್ನು ಗೂಡಿನ ಕಂಬಕ್ಕೆ ಕಟ್ಟಿದ್ದರು. ಏಳು ತಿಂಗಳ ಬಸುರಿ ಹೆಂಡತಿ ಚಿಕ್ಕಿ ಅಂಗಳದ ಕೆಸರಲ್ಲೇ ಕೂತಿದ್ದಳು.

"ಯಾರು ಕಟ್ಟಿದ್ದು?"

"ನಾನೇ," ಎಂದ ಕುಶಾಲಪ್ಪ. ಉತ್ತಯ್ಯನವರ ತಮ್ಮನ ಮಗ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. "ನಿನ್ನೆ ಕೈಲ್ ಮುಹೂರ್ತ, ನಮ್ಮ ಆಯುಧದ ಹಬ್ಬ. ಮನೆಯವರು, ಲೈನಿನ ಆಳುಗಳು, ಎಲ್ಲ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯಕ್ಕೆ ಹೋಗಿದ್ರು. ನಾನು ಜ್ವರ ಅಂತ ಮಲಗಿದ್ದೆ. ತೋಟದಿಂದ ಹೊರಗೆ ಹೋದ ಗಾಡಿ ಇವನದ್ದೊಂದೇ."

"ಜೀಪು?"

ಉತ್ತಯ್ಯನವರಿಗೆ ಸಿಟ್ಟು ನೆತ್ತಿಗೇರಿತು. "ಎಂತ ಮಾತಾಡ್ತೀರಿ ದಫೇದಾರ್ರೆ? ಮೊನ್ನೆ ಸಂಜೆ ಕೋವಿ ಜೊತೆ ಜೀಪನ್ನೂ ಪೂಜೆಗೆ ಇಟ್ಟಾಯ್ತು. ಕೋವಿ ಪಂದ್ಯಕ್ಕೆ ತೆಗೀಬಹುದು, ಜೀಪನ್ನ ಮಾತ್ರ ಮೂರು ದಿನ ಓಡಿಸೋ ಹಾಗಿಲ್ಲ. ಅಪ್ಪನ ಕಾಲದಲ್ಲಿ ಗಾಡಿಗೂ ಇದೇ ನೇಮ. ಅದಕ್ಕೇ ಅಲ್ವಾ, ಅಂಗಡಿ ಕಾಕನ ಎತ್ತಿನಗಾಡಿ ಕೇಳಿ ಇವನನ್ನ ಗೋಣಿಕೊಪ್ಪಕ್ಕೆ ಅಕ್ಕಿಗೆ ಕಳಿಸಿದ್ದು!"

"ಗೂಡಿನ ಬೀಗದ ಕೀ?"

"ಆಫೀಸಿನ ಮೊಳೆಯಲ್ಲಿ, ಜೀಪಿನ ಕೀ ಪಕ್ಕ," ಎಂದ ಕುಶಾಲಪ್ಪ. "ಎಲ್ಲರಿಗೂ ಗೊತ್ತು. ಇವನು ಬೆಳಕು ಹರಿಯೋಕೆ ಮುಂಚೆ ಹೊರಟವ, ದೀಪ ಹಚ್ಚೋ ಹೊತ್ತಿಗೆ ಬಂದ. ಹತ್ತರಿಂದ ಎರಡರ ತನಕ ಅಕ್ಕಿ ಮಿಲ್ಲಿನ ಮುಂದೇ ಗಾಡಿ ಕಟ್ಟಿದ್ನಂತೆ. ಬೆಳಗ್ಗೆ ಬಸ್ಸಲ್ಲಿ ಹೋಗಿ ವಿಚಾರಿಸಿ ಬಂದಿದ್ದೇನೆ. ಮಿಲ್ಲಿನ ನಾಲ್ಕು ಜನ ಹೇಳ್ತಾರೆ. ನಾಲ್ಕು ಚೀಲ ಅಕ್ಕಿಗೆ ಅಷ್ಟು ಹೊತ್ತಾ? ಅಲ್ಲೇ ಮಾರಿದ್ದಾನೆ."

ಗಾಡಿಯ ಹಲಗೆ ಸಂದಿಯಲ್ಲಿ ಸಿಕ್ಕ ಎರಡು ಏಲಕ್ಕಿ ಕಾಯನ್ನು ಅವನು ಅಂಗೈಯಲ್ಲಿಟ್ಟು ತೋರಿಸಿದ.

"ಮಿಲ್ಲಲ್ಲಿ ಪಾಳಿ ಇತ್ತು ಬುದ್ಧಿ," ಎಂದ ಮಾದ. ಯಾರೂ ಕೇಳಿಸಿಕೊಳ್ಳಲಿಲ್ಲ.

* * *

ಸಣ್ಣಸ್ವಾಮಿ ಹಗ್ಗ ಬಿಚ್ಚಿದ. ಸಂಜೆ ಬಸ್ಸಿಗೆ ಮಾದನನ್ನು ವಿರಾಜಪೇಟೆ ಲಾಕಪ್ಪಿಗೆ ಸಾಗಿಸಬೇಕು. ಸಾಹುಕಾರರ ಮಾತಿಗೆ ಎದುರಾಡಲು ಅವನ ಬಳಿ ಇನ್ನೂ ಏನೂ ಇರಲಿಲ್ಲ.

"ಮೊನ್ನೆ ಏನೇನ್ ಮಾಡ್ದೆ ಹೇಳ್ಲಾ. ಒಂದೂ ಬಿಡ್ಬೇಡ."

"ಜೀಪು ತೊಳ್ದೆ. ಚಕ್ರ ತೊಳ್ದೆ. ಬಾನೆಟ್ಟು ಎತ್ತಿ ಡಬ್ಬ ಬಿಚ್ಚಿ ತೊಳ್ದೆ."

"ಯಾವ ಡಬ್ಬ?"

ಕೆಲಸದ ಮಾತು ಬಂದದ್ದೇ ಮಾದನ ಮುಖಕ್ಕೆ ಜೀವ ಬಂತು. "ಎಂಜಿನ್ ಹಳೇದು ಬುದ್ಧಿ. ಹೊಟ್ಟೆಯಿಂದ ಎಣ್ಣೆ ಹೊಗೆ ಏಳ್ತದೆ. ಆ ಹೊಗೆ ಪೈಪಲ್ಲಿ ವಾಪಸ್ ಎಂಜಿನ್ನಿಗೇ ಹೋಗಿ ಪ್ಲಗ್ಗೆಲ್ಲ ಕರಿ ಹಿಡೀತಿತ್ತು. ಕುಶಾಲನಗರದ ಮೆಕ್ಯಾನಿಕ್ ಸಿದ್ದರಾಜು ಪೈಪನ್ನ ನಡುವೆ ಕತ್ತರಿಸಿ, ಹಾಲುಪುಡಿ ಡಬ್ಬಕ್ಕೆ ಎರಡು ಮೂತಿ ಬೆಸೆದು ಕೂರಿಸಿಕೊಟ್ಟ. ಒಳಗೆ ತಂತಿಬಲೆ. ಎಣ್ಣೆ ಅದಕ್ಕೆ ಅಂಟಿ ತಳಕ್ಕಿಳೀತದೆ, ಬರೀ ಗಾಳಿ ಮುಂದಕ್ಕೆ ಹೋಗ್ತದೆ."

"ಎಷ್ಟು ಓಡಿದ್ರೆ ಎಷ್ಟು ಎಣ್ಣೆ?"

"ಗೋಣಿಕೊಪ್ಪಕ್ಕೆ ಹೋಗಿ ಬಂದ್ರೆ ಒಂದು ಬೆರಳು. ಯಾವಾಗ್ಲೂ ಅಷ್ಟೇ."

ಸಣ್ಣಸ್ವಾಮಿ ನೆಟ್ಟಗೆ ಜೀಪಿನ ಕೊಟ್ಟಿಗೆಗೆ ನಡೆದ. ಹೂವಿನ ಹಾರ ಹಾಗೇ ಇತ್ತು. ಚಕ್ರದಲ್ಲಿ ಒಂದು ಚೂರು ಕೆಸರಿಲ್ಲ. ಮೈಲಿ ತೋರಿಸುವ ಮುಳ್ಳು ಸತ್ತು ವರ್ಷಗಳಾಗಿದ್ದವು.

"ಬಾನೆಟ್ ಎತ್ತಬೇಕು ಸಾಹುಕಾರ್ರೆ."

"ನೇಮ ಮುಗಿಯೋಕೆ ಇನ್ನೊಂದು ದಿನ ಇದೆ."

"ಎತ್ತದೇ ಇದ್ರೆ ಒಬ್ಬ ಜೈಲಿಗೆ ಹೋಗ್ತಾನೆ. ಯಾವುದು ಹೆಚ್ಚಿನ ಪಾಪ, ನೀವೇ ಹೇಳಿ."

ಉತ್ತಯ್ಯ ಜೀಪಿಗೆ ಕೈಮುಗಿದರು. ಆಮೇಲೆ ಹಾರವನ್ನು ತಮ್ಮ ಕೈಯಾರೆ ತೆಗೆದು ಪಕ್ಕಕ್ಕಿಟ್ಟರು.

"ಮೊನ್ನೆ ಈ ಡಬ್ಬದ ಒಳಗನ್ನ ನೀವು ಕಂಡಿದ್ರಾ?"

"ಕಂಡಿದ್ದೆ. ಬೂದಿ ಹಾಕಿ ತಿಕ್ಕಿ ಬೆಳ್ಳಿ ಹಾಗೆ ಮಾಡಿದ್ದ. ಅದಕ್ಕೂ ಗಂಧ ಇಟ್ಟೆ."

ಸಣ್ಣಸ್ವಾಮಿ ಮುಚ್ಚಳ ತಿರುಗಿಸಿ ಒಳಗೆ ಬೆರಳಿಳಿಸಿದ. ಕಪ್ಪು ಎಣ್ಣೆ. ನಾಲ್ಕು ಬೆರಳು.

ಉತ್ತಯ್ಯನವರ ಮುಖ ಕೆಂಪಾಯಿತು. "ಪೂಜೆಗಿಟ್ಟ ಜೀಪು! ಲೋ ಮಾದ, ನಿನ್ನನ್ನ ಮನೆಮಗನ ಹಾಗೆ ನೋಡಿಕೊಂಡೆನಲ್ಲೋ!"

ಚಿಕ್ಕಿ ಕೂಗಿ ಅತ್ತಳು. ಸಣ್ಣಸ್ವಾಮಿ ಎಣ್ಣೆಯ ಬೆರಳು ಒರೆಸಿಕೊಂಡ. ಬಿಡಿಸಲು ಹೋಗಿ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆನೇ? ಅವನು ಬೀಡಿ ಹಚ್ಚಿ ಆಚೆ ಹೋಗಿ ನಿಂತ. ಗೋಣಿಕೊಪ್ಪಕ್ಕೆ ಹೋಗಿ ಬರುವ ಇಪ್ಪತ್ತೆರಡು ಮೈಲಿಗೆ ಒಂದು ಬೆರಳು. ನಾಲ್ಕು ಬೆರಳು ಅಂದರೆ ತೊಂಬತ್ತು ಮೈಲಿ ಹತ್ತಿರ. ಕುಶಾಲನಗರಕ್ಕೆ ಹೋಗಿ ಬಂದಷ್ಟು. ಈ ರಸ್ತೆಯಲ್ಲಿ ಐದಾರು ಗಂಟೆ.

ಬೀಡಿ ಅರ್ಧದಲ್ಲೇ ನೆಲಕ್ಕೆ ಬಿತ್ತು.

* * *

"ಈ ತೋಟದಲ್ಲಿ ಜೀಪು ಓಡಿಸೋರು ಎಷ್ಟು ಜನ?" ವಾಪಸ್ ಬಂದು ಕೇಳಿದ.

"ಮೂರು. ನಾನು, ಮಾದ, ಕುಶಾಲಪ್ಪ."

"ನೀವು ನಿನ್ನೆ ಎಲ್ಲಿದ್ರಿ?"

"ಪಂದ್ಯದಲ್ಲಿ. ಊರೇ ನೋಡಿದೆ."

"ಮಾದ ಬೆಳಗಿಂದ ಸಂಜೆ ತನಕ ಎತ್ತಿನ ಹಿಂದಿದ್ದ. ಮಿಲ್ಲಿನ ನಾಲ್ಕು ಜನ ನೋಡವ್ರೆ. ಸಾಕ್ಷಿ ಹುಡುಕಿ ತಂದೋರು ನಿಮ್ಮ ರೈಟರೇ." ಸಣ್ಣಸ್ವಾಮಿ ಮೆಲ್ಲಗೆ ತಿರುಗಿದ. "ಕುಶಾಲಪ್ಪನೋರೆ, ಎತ್ತಿನಗಾಡಿ ಹೊಡ್ಯೋನು ಅದೇ ಹೊತ್ತಲ್ಲಿ ಜೀಪನ್ನ ಹೆಂಗೆ ಹೊಡ್ದಾನು?"

ಕುಶಾಲಪ್ಪ ಕೈಯಲ್ಲಿದ್ದ ಏಲಕ್ಕಿ ಕಾಯನ್ನು ಜೇಬಿಗೆ ಇಳಿಸಿದ.

"ಎಣ್ಣೆ ಬಿದ್ದಿದ್ದು ನಿನ್ನೆ ಒಂದೇ ದಿನದಲ್ಲಿ. ಮೊನ್ನೆ ಸಂಜೆ ಡಬ್ಬ ಬರಿದು, ಎರಡು ರಾತ್ರಿಯೂ ಎಲ್ಲರೂ ಇಲ್ಲೇ, ಜೀಪು ಹೊರಟ್ರೆ ಸದ್ದು ಕೇಳ್ತಿತ್ತು. ನಿನ್ನೆ ಹಗಲು ತೋಟದಲ್ಲಿ ಉಳಿದೋರು ಜ್ವರ ಬಂದೋರೊಬ್ಬರೇ. ವಾಪಸ್ ಬಂದು ಚಕ್ರ ತೊಳೆದ್ರಿ, ಹಾರ ಹಾಕಿದ್ರಿ. ಬಾನೆಟ್ ಎತ್ತಲಿಲ್ಲ. ಎತ್ತಿ ಅಭ್ಯಾಸವೇ ಇಲ್ಲ, ಅದು ಮಾದನ ಕೆಲಸ."

"ಪೆಟ್ರೋಲು ಕೂಡ ಅಳೆದು ತುಂಬಿಸಿದ್ದೆ," ಎಂದ ಕುಶಾಲಪ್ಪ. ಸ್ವರ ಬತ್ತಿತ್ತು. "ಪೂಜೆಗಿಟ್ಟದ್ದನ್ನ ಯಾರೂ ಮುಟ್ಟೋದಿಲ್ಲ ಅಂತ ಧೈರ್ಯ. ಗಾಡಿಗೆ ಆ ಕಾಯಿ ಉದುರಿಸಿದ್ದೂ ನಾನೇ. ಮೂಟೆ ಕುಶಾಲನಗರದ ಲಾರಿಯವನ ಶೆಡ್ಡಲ್ಲಿದೆ. ಅವನ ಲಾರಿಗೆ ಪಾಲುದಾರನಾಗಿ ಸೇರಬೇಕಿತ್ತು ದೊಡ್ಡಪ್ಪ. ಹದಿನೈದು ವರ್ಷ ನಿಮ್ಮ ಆಳುಗಳ ಹಾಜರಿ ಕೂಗಿದೆ. ನನ್ನದು ಅಂತ ಒಂದು ಚಕ್ರವಾದ್ರೂ ಬೇಡ್ವಾ?"

"ಕೇಳಬೇಕಿತ್ತು ಮಗಾ."

"ಕೇಳಿದ್ದೆ. ಎರಡು ಸಲ. ನೀವು ನಕ್ಕುಬಿಟ್ರಿ."

ಉತ್ತಯ್ಯ ತಲೆ ತಗ್ಗಿಸಿದರು. ಆ ಲೆಕ್ಕಕ್ಕೆ ಮಾದನ ಬದುಕನ್ನು ಅಡ ಇಟ್ಟದ್ದೇಕೆಂದು ಸಣ್ಣಸ್ವಾಮಿ ಕೇಳಬೇಕೆಂದುಕೊಂಡ. ಕೇಳಲಿಲ್ಲ. ಕುಶಾಲಪ್ಪ ಈಗಲೂ ಮಾದನತ್ತ ಒಮ್ಮೆಯೂ ನೋಡಿರಲಿಲ್ಲ.

ಬಸ್ಸು ಹೋಗಿಯಾಗಿತ್ತು. ಉತ್ತಯ್ಯ ಜೀಪಿನ ಕೀ ತಂದು ಮಾದನ ಮುಂದೆ ಹಿಡಿದರು. "ಇವರಿಬ್ಬರನ್ನೂ ಠಾಣೆಗೆ ಬಿಟ್ಟು ಬಾ ಮಾರಾಯ. ನೇಮ ಹೇಗೂ ಕೆಟ್ಟಾಯ್ತು."

ಮಾದನ ಮಣಿಕಟ್ಟಿನಲ್ಲಿ ಹಗ್ಗದ ಬರೆ ಊದಿಕೊಂಡಿತ್ತು. ಅವನು ಕೈ ಚಾಚಲಿಲ್ಲ.

"ಇವತ್ತು ನೀವೇ ಓಡಿಸ್ಕೊಳ್ಳಿ ಬುದ್ಧಿ. ಇವಳು ಬೆಳಗ್ಗಿಂದ ಏನೂ ತಿಂದಿಲ್ಲ."

ಚಿಕ್ಕಿಯ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದ. ಇಬ್ಬರೂ ಲೈನಿನ ಕಡೆ ಇಳಿದು ಹೋದರು. ನಾಳೆ ಬರುವೆನೆಂದು ಮಾದ ಹೇಳಲಿಲ್ಲ. ಬಾ ಎನ್ನಲು ಉತ್ತಯ್ಯನವರಿಗೂ ಬಾಯಿ ಬರಲಿಲ್ಲ.