ಮೊಗ್ಗು ಕಾಣದ ಭಾನುವಾರಗಳು

"ಹೂ ಕೀಳೋಕೆ ಬೇರೆ ಮನೆ ಸಿಗ್ಲಿಲ್ವಾ ಮೇಡಂ?"

ಚನ್ನವೀರೇಶ್ ಗೇಟಿನೊಳಗಿಂದ ಕೇಳಿದ. ಬಸವೇಶ್ವರನಗರದ ಆ ಬೀದಿಯಲ್ಲಿ ಬೆಳಗಿನ ವಾಕಿಂಗ್ ಅಂದರೆ ಪ್ಲಾಸ್ಟಿಕ್ ಕವರ್ ಹಿಡಿದು ಕಂಡವರ ಕಾಂಪೌಂಡಿನ ಹೂ ಬಿಡಿಸುವುದು. ಆದರೆ ಈ ಹುಡುಗಿಯ ಕೈಯಲ್ಲಿ ಕವರ್ ಇರಲಿಲ್ಲ, ಪುಟ್ಟ ಭೂತಗನ್ನಡಿ ಇತ್ತು.

"ಕೀಳ್ತಾ ಇಲ್ಲ ಸಾರ್, ನೋಡ್ತಾ ಇದೀನಿ. ನಿಮ್ಮ ಬಳ್ಳಿ ಆಫ್ರಿಕಾದ್ದು, ಗೊತ್ತಾ?"

ಗೊತ್ತಿರಲಿಲ್ಲ. ಅಜ್ಜಿಯ ಕಾಲದಿಂದ ಗೇಟಿನ ಮೇಲೆ ಹಬ್ಬಿದ್ದ ಅದಕ್ಕೆ ಮನೆಯಲ್ಲಿ 'ಆ ಬಳ್ಳಿ' ಎಂದಷ್ಟೇ ಹೆಸರು.

ಹುಡುಗಿಯ ಹೆಸರು ರಾಗಿಣಿ. ರಾಜಾಜಿನಗರದ ಪಿಯು ಕಾಲೇಜೊಂದರಲ್ಲಿ ಬಾಟನಿ ಲೆಕ್ಚರರ್. ಗೇಟಿಗೆ ಒರಗಿಯೇ ಪಾಠ ಶುರುಮಾಡಿದಳು. ಪಶ್ಚಿಮ ಆಫ್ರಿಕಾದ ಕಾಡುಗಳಲ್ಲಿ ಒಂದೇ ಕುಲದ ಎರಡು ಬಳ್ಳಿಗಳಿವೆ, ಎರಡರ ಹೂವೂ ಕೆಂಪು. ಒಂದಕ್ಕೆ ಹೂವಿನ ಹೊರಗಿನ ಕವಚ ಬಿಳಿ, ಇನ್ನೊಂದಕ್ಕೆ ಕೆಂಪು. ಎರಡನ್ನೂ ಕೂಡಿಸಿ ಮಾಡಿದ ಮೂರನೆಯದಕ್ಕೆ ಮಾಸಲು ಗುಲಾಬಿ.

"ನಮ್ದು ಗುಲಾಬಿ. ಹಂಗಾದ್ರೆ ಮೂರನೇದು," ಎಂದ, ಪರೀಕ್ಷೆ ಪಾಸಾದವನಂತೆ.

"ಅಲ್ಲೇ ಎಲ್ರೂ ಎಡವೋದು. ಬಿಳಿ ಕವಚಕ್ಕೂ ವಯಸ್ಸಾಗ್ತಾ ಗುಲಾಬಿ ಬಣ್ಣ ಬರುತ್ತೆ. ಇವೆಲ್ಲ ಹಳೇ ಹೂ. ಹೊಸ ಮೊಗ್ಗು ಬಿಳಿ ಇದ್ರೆ ಮೊದಲನೇದು, ಗುಲಾಬಿ ಇದ್ರೆ ಮೂರನೇದು. ಮೊಗ್ಗು ನೋಡಿದ್ರೆ ಮುಗೀತು. ಮುಂದಿನ ಭಾನುವಾರ ಬರ್ತೀನಿ."

ಹೊರಡುವ ಮುನ್ನ ಭೂತಗನ್ನಡಿಯನ್ನು ಅವನ ಕಣ್ಣಿಗೆ ಹಿಡಿದಳು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು ಅವನು, ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಒಪ್ಪದವನು. ಕವಚದ ತುಂಬ ಹರಡಿದ್ದ ನರಗಳ ನಯ ಕಂಡು ಉಸಿರು ಬಿಡುವುದನ್ನೇ ಮರೆತ. ಇಷ್ಟು ವರ್ಷ ಇದರ ಕೆಳಗೇ ಸ್ಕೂಟರ್ ನಿಲ್ಲಿಸಿದ್ದೆನಲ್ಲ! ಕಣ್ಣೆತ್ತಿದರೆ ಅವಳ ಮುಖವೂ ಅಷ್ಟೇ ಹತ್ತಿರವಿತ್ತು. ಅವಳು ತಕ್ಷಣ ಹಿಂದೆ ಸರಿಯಲಿಲ್ಲ.

ಶನಿವಾರದ ಹೊತ್ತಿಗೆ ಮೊಗ್ಗು ಬಂತು. ಅಚ್ಚ ಬಿಳಿ. ಉತ್ತರವೇನೋ ಸಿಕ್ಕಿತು, ಆದರೆ ಮೊಗ್ಗು ನೋಡಿದರೆ ಮುಗಿಯಿತು ಎಂದಿದ್ದಳಲ್ಲ. ಅವನಿಗೆ ಮುಗಿಯುವುದು ಬೇಕಿರಲಿಲ್ಲ. ಭಾನುವಾರ ಹಲ್ಲುಜ್ಜುವುದಕ್ಕೂ ಮೊದಲೇ ಕಂಡ ಮೊಗ್ಗನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡ.

"ಒಂದು ಮೊಗ್ಗೂ ಇಲ್ವಲ್ಲ!" ಎಂದಳು ರಾಗಿಣಿ.

"ಯಾರೋ ಕಿತ್ಕೊಂಡು ಹೋಗಿದಾರೆ ಮೇಡಂ. ಅಮ್ಮ ಕಾಫಿ ಮಾಡಿದಾರೆ, ಬನ್ನಿ."

ಮುಂದಿನ ಭಾನುವಾರಗಳೂ ಹೀಗೇ ಕಳೆದವು. ಕಾಫಿಯ ಜೊತೆ ಉಪ್ಪಿಟ್ಟು ಸೇರಿತು, 'ಮೇಡಂ' ಹೋಗಿ 'ರಾಗಿಣಿ' ಬಂತು. ಕಳ್ಳತನದ ಅನುಮಾನವನ್ನು ಅವನು ಮೆಲ್ಲಗೆ ಪಕ್ಕದ ಮನೆಯ ವಿಮಲಮ್ಮನ ತಲೆಗೆ ಕಟ್ಟಿದ. ಒಂದು ಬೆಳಿಗ್ಗೆ ಅದು ಅವರ ಕಿವಿಗೇ ಬಿತ್ತು.

"ನಾನಾ?" ಕಾಂಪೌಂಡಿನಾಚೆಯಿಂದ ವಿಮಲಮ್ಮ ಸಿಡಿದರು. "ಇವರ ಮನೆ ದಾಸವಾಳ ಕಿತ್ತಿದೀನಿ, ಸುಳ್ಳು ಹೇಳಲ್ಲ. ಮೊಗ್ಗು ಯಾಕೆ ಕೀಳ್ಲಿ? ನಮ್ಮನೆ ದೇವರಿಗೆ ಅರಳಿರೋ ಹೂವೇ ಆಗ್ಬೇಕು! ಕೀಳೋನು ಇವನೇ ಕಣಮ್ಮ. ಜೇಬು ನೋಡು!"

ರಾಗಿಣಿ ನೋಡಿದಳು. ಶರ್ಟಿನ ಜೇಬಿನಿಂದ ಬಿಳಿ ಮೊಗ್ಗೊಂದು ಇಣುಕುತ್ತಿತ್ತು.

"ಗೊತ್ತಾಗ್ಬಿಟ್ರೆ ನೀವು ಬರಲ್ಲ ಅಂತ..." ಚನ್ನವೀರೇಶನ ಕಿವಿಯೆಲ್ಲ ಕೆಂಪಾಗಿತ್ತು. "ನೀವಂದ್ರೆ ನಂಗಿಷ್ಟ ರಾಗಿಣಿ. ಈಗ ಬೈದು ಹೋಗ್ತೀರಾ?"

ಅವಳು ಬೈಯಲಿಲ್ಲ. ಅವನ ತೋಳು ಹಿಡಿದು ಬೀದಿಗೆ ಕರೆತಂದು, ಗೇಟಿನ ದೀಪದ ಹಿಂದಕ್ಕೆ ಬೊಟ್ಟು ಮಾಡಿದಳು. ಮನೆಯೊಳಗಿಂದ ಕಾಣದ, ಅವನ ಕೈಗೂ ಎಟುಕದ ಆ ಕಡೆ ಬಿಳಿ ಮೊಗ್ಗಿನ ಗೊಂಚಲಿತ್ತು.

"ಮೊದಲನೇ ದಿನ ಇಲ್ಲಿಂದ ಹೊರಡೋವಾಗ್ಲೇ ಅಲ್ಲಿ ಮೊಗ್ಗು ನೋಡಿದ್ದೆ," ಎಂದಳು ಮೆಲ್ಲಗೆ. "ವಾಪಸ್ ಬಂದು ಹೇಳೋಕೆ ಮನಸ್ಸಾಗ್ಲಿಲ್ಲ."

ಅವನು ಕತ್ತೆತ್ತಿ ನೋಡಿದ. ಗೊಂಚಲಿನ ಒಂದು ಕವಚ ಬಾಯಿ ಬಿಟ್ಟಿತ್ತು, ಒಳಗಿಂದ ಕಡುಕೆಂಪು ಹೂ ಉದ್ದನೆಯ ಕೇಸರಗಳನ್ನು ಚಾಚಿಕೊಂಡು ಹೊರಬರುತ್ತಿತ್ತು. ಎಲ್ಲೋ ದೂರದ ಕಾಡಿನದು, ಇಲ್ಲಿ ಹಾಲಿನ ವ್ಯಾನು ಹಾರನ್ ಹೊಡೆಯುವ ಬೀದಿಯಲ್ಲಿ ತನ್ನ ಪಾಡಿಗೆ ಅರಳುತ್ತಿತ್ತು. ವಿಮಲಮ್ಮ ಕೂಡ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. ತೋಳು ಹಿಡಿದಿದ್ದ ರಾಗಿಣಿಯ ಕೈ ಜಾರಿ ಅವನ ಬೆರಳುಗಳನ್ನು ಹುಡುಕಿಕೊಂಡಿತು.

ಮುಂದಿನ ಭಾನುವಾರ ಬಳ್ಳಿಯ ಮೊಗ್ಗುಗಳೆಲ್ಲ ಹಾಗೇ ಇದ್ದವು. ರಾಗಿಣಿ ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟು ಬಂದಳು.