ಮೋಟನ ಕೊರಳಿಗೆ ಬಂಗಾರ

ಮೋಡಗಳು ಬೆಟ್ಟಕ್ಕೆ ಇಳಿದು ಹಳ್ಳದ ನೀರು ಕುಡಿದು ಹೋಗುತ್ತಿದ್ದ ಕಾಲವದು. ಆಗ ಮಿಂಚುಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಕುರಿಗಳಿಗೆ ಒಂದು ವರವಿತ್ತು. ಪ್ರತಿ ಕುರಿಯೂ ತನ್ನ ಬಾಳಿನಲ್ಲಿ ಒಂದೇ ಒಂದು ಸಲ ಮನುಷ್ಯರಂತೆ ಮಾತಾಡಬಹುದಿತ್ತು. ಬಹುಪಾಲು ಕುರಿಗಳು ಆ ಅವಕಾಶವನ್ನು 'ಉಪ್ಪು ಹಾಕು' ಎಂದು ಕೇಳುವುದರಲ್ಲೇ ಕಳೆದುಬಿಡುತ್ತಿದ್ದವು. ಹಾಗಾಗಿ ಕುರಿಗಾಹಿಗಳು ಅದಕ್ಕೆ ಹೆಚ್ಚು ತಲೆಕೆಡಿಸಿಕೊಂಡವರಲ್ಲ.

ಅರಮನೆಯ ನೆತ್ತಿಗೇ ಹುಲ್ಲುಮಲೆ ಎಂಬ ಬೆಟ್ಟ. ಅಲ್ಲಿ ಕುರಿಗಾಹಿಗಳ ಹಟ್ಟಿ. ಆ ಹಟ್ಟಿಯಲ್ಲಿ ಮಾಳವ್ವ ಎಂಬ ಹುಡುಗಿ. ತಂದೆ ತಾಯಿ ಇಲ್ಲ. ಇದ್ದದ್ದು ಮೂಗಿನ ತುದಿಯಲ್ಲಿ ಕೋಪ, ಮತ್ತು ಮೋಟ ಎಂಬ ನಾಯಿ.

ಹುಲ್ಲುಮಲೆಯವರು ನಾಯಿಮರಿಯನ್ನು ಕಣ್ಣು ಬಿಡುವ ಮೊದಲೇ ಕುರಿಯ ಕೆಚ್ಚಲಿಗೆ ಬಿಡುತ್ತಿದ್ದರು. ಕುರಿಹಾಲು ಕುಡಿದ ನಾಯಿ ಹಿಂಡನ್ನೆಲ್ಲ ಒಡಹುಟ್ಟು ಎಂದುಕೊಳ್ಳುತ್ತದೆ. ಮೋಟ ಬೆಳೆದದ್ದು ಬಿಳಿಯವ್ವ ಎಂಬ ಕುರಿಯ ಹಾಲಿನಲ್ಲಿ. ಅವನು ಮರಿಯಾಗಿದ್ದಾಗ ಮಳೆ ಬಂದರೆ ಪಕ್ಕದ ಗುಡಿಸಲಿನ ದ್ಯಾಮಣ್ಣ ತನ್ನ ಕಂಬಳಿಯೊಳಗೆ ಹೊತ್ತು ತಿರುಗುತ್ತಿದ್ದ. ದ್ಯಾಮಣ್ಣನ ಹೆಂಡತಿ ಹೊನ್ನವ್ವ ಮೊದಲ ರೊಟ್ಟಿಯನ್ನು ಅವನಿಗೇ ಹಾಕುತ್ತಿದ್ದಳು. ತೋಳ ಬಾಲ ಕಚ್ಚಿ ಹೋದ ದಿನ ಹಟ್ಟಿಯೇ ಅತ್ತಿತು. ಅಂದಿನಿಂದ ಅವನು ಮೋಟ. ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಹಾಕಿಕೊಂಡು ಅವನು ಹಟ್ಟಿಯ ಸುತ್ತ ತಿರುಗಿದರೆ ತೋಳಗಳು ದಾರಿ ಬದಲಿಸುತ್ತಿದ್ದವು.

ಮಿಂಚುಗಿರಿಯ ರಾಜ ಧವಳಕೀರ್ತಿಗೆ ಆ ಬೆಟ್ಟದ ಮೇಲೆ ಕಣ್ಣು. ಕುರಿಗಳನ್ನು ಇಳಿಸಿ, ಜಿಂಕೆಗಳನ್ನು ಬಿಟ್ಟು, ಬೇಟೆಯಾಡಬೇಕೆಂಬ ಆಸೆ. ಆದರೆ ಅವನ ಅಜ್ಜ ಆ ಬೆಟ್ಟವನ್ನು ಕುರಿಗಾಹಿಗಳಿಗೆ ಆಣೆ ಇಟ್ಟು ಕೊಟ್ಟಿದ್ದ. ಆಣೆ ಮುರಿದ ರಾಜನ ಕಿರೀಟ ತಲೆಯ ಮೇಲೆ ನಿಲ್ಲುವುದಿಲ್ಲ. ಅವರಾಗಿಯೇ ಬಿಟ್ಟುಹೋದರೆ ಮಾತ್ರ ಅಡ್ಡಿಯಿಲ್ಲ.

ರಾಜನಿಗೆ ಒಬ್ಬ ಗುರು. ಹೆಸರು ಸೌಮ್ಯಕೇತು. ಮಾತು ಬೆಣ್ಣೆ, ವಿದ್ಯೆ ಮಾಟ. "ಪ್ರಭುಗಳು ಚಿಂತಿಸಬಾರದು. ಅವರಾಗಿಯೇ ಇಳಿದುಹೋಗುವಂತೆ ನಾನು ನೋಡಿಕೊಳ್ಳುತ್ತೇನೆ. ಹೇಗೆ ಎಂದು ಮಾತ್ರ ಕೇಳಬೇಡಿ" ಎಂದ.

ರಾಜ ಕೇಳಲಿಲ್ಲ. ನೋಡಿ, ಬೇಕಾದ್ದನ್ನು ಕೇಳಿ ಪಡೆಯುವ ದೊಡ್ಡವರಿಗೆ, ಬೇಡವಾದ್ದನ್ನು ಕೇಳದೇ ಇರುವ ವಿದ್ಯೆಯೂ ಚೆನ್ನಾಗಿ ಬರುತ್ತದೆ!

ಕೆಲವೇ ದಿನಗಳಲ್ಲಿ ಹಟ್ಟಿಗೆ ಕರೆ ಬಂತು. ತೋಳಗಳನ್ನು ಓಡಿಸಿದ ಮೋಟನಿಗೆ ಅರಮನೆಯಲ್ಲಿ ಸನ್ಮಾನ. ಹಟ್ಟಿಗೆ ಹಟ್ಟಿಯೇ ಹೊಸ ಕಂಬಳಿ ಹೊದ್ದು ಹೊರಟಿತು. ಸಭೆಯ ನಡುವೆ ಸೌಮ್ಯಕೇತು ಬಂಗಾರದ ಕೊರಳಪಟ್ಟಿಯೊಂದನ್ನು ತಟ್ಟೆಯಲ್ಲಿ ತಂದ.

"ಈ ವೀರನಿಗೆ ಕಬ್ಬಿಣವೇ? ತೆಗೆಯಮ್ಮಾ ಅದನ್ನು. ಸಾಕಿದ ಕೈಯಿಂದಲೇ ಇದನ್ನು ಕಟ್ಟು" ಎಂದ.

ಮಾಳವ್ವ ಮುಳ್ಳುಪಟ್ಟಿ ಬಿಚ್ಚಿದಳು. ಬಂಗಾರದ ಪಟ್ಟಿ ಕಟ್ಟಿದಳು. ನಗಾರಿ ಮೊಳಗಿತು, ಸಭೆ ಚಪ್ಪಾಳೆ ತಟ್ಟಿತು. ಆ ಸಭೆ ಯಾವುದಕ್ಕೂ ಚಪ್ಪಾಳೆ ತಟ್ಟುತ್ತಿತ್ತೆಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಹೆಮ್ಮೆಯಿಂದ ಅವಳ ಕಣ್ಣು ತುಂಬಿ ಬಂದವು.

ಅಂದಿನಿಂದ ಅರಮನೆಯಲ್ಲಿ ಹೊಸದೊಂದು ಪದ್ಧತಿ ಬಂತು. ನಡುಹಗಲಿಗೆ ರಾಜ ಊಟಕ್ಕೆ ಕೂತಾಗ ಒಮ್ಮೆ, ಎದ್ದಾಗ ಒಮ್ಮೆ ಶಂಖ ಊದಬೇಕು. ಗುರುಗಳು ಮಂತ್ರಿಸಿ ಕೊಟ್ಟ ಶಂಖವನ್ನೇ ಊದಬೇಕು, ಅದೂ ಅವರು ಹೇಳಿದ ದಿನ ಮಾತ್ರ.

ಮೊದಲ ಸಲ ಶಂಖ ಕೇಳಿದಾಗ ಮೋಟ ಬಂಡೆಯ ನೆರಳಲ್ಲಿ ಮಲಗಿದ್ದ. ಎದ್ದು ಇಳಿಜಾರಿನ ಆಚೆ ಹೋದ. ಎರಡನೆಯ ಶಂಖವಾದ ಮೇಲೆ ಬಾಯೆಲ್ಲ ರಕ್ತ ಮಾಡಿಕೊಂಡು ಬಂದು ಮಾಳವ್ವನ ಕೈ ನೆಕ್ಕಿದ. ಇಳಿಜಾರಿನಲ್ಲಿ ಹಿಂಡಿನ ದೊಡ್ಡ ಟಗರು ಗಂಟಲು ಹರಿದು ಬಿದ್ದಿತ್ತು. "ತೋಳದ ಕೂಡ ಹೊಡೆದಾಡ್ಯಾನ ಪಾಪ" ಎಂದು ಹಟ್ಟಿಯವರು ಅವನ ಬಾಯಿ ತೊಳೆದರು.

ಇನ್ನೊಂದು ದಿನ ಶಂಖ ಕೇಳಿತು. ಆ ಸಲ ಕುರಿಮರಿಗಳನ್ನು ಕೂಡಿದ್ದ ಬೇಲಿಯ ಒಡ್ಡಿ ರಕ್ತದಲ್ಲಿ ತೊಯ್ದಿತು. ಬಿಳಿಯವ್ವನ ಮರಿಯೂ ಅದರಲ್ಲಿತ್ತು. ಮೋಟ ಸತ್ತ ಮರಿಗಳನ್ನು ಒಂದೊಂದಾಗಿ ಮೂಸಿ, ಆಕಾಶಕ್ಕೆ ಮುಖವೆತ್ತಿ ಊಳಿಟ್ಟ. ಕೊಂದವರು ಯಾರೆಂದು ಅವನಿಗೆ ತಿಳಿದಿರಲಿಲ್ಲ.

ಮೂರನೆಯ ಸಲ ಎಲ್ಲರೂ ನೋಡಿದರು. ದ್ಯಾಮಣ್ಣ ಮೋಟನ ಕಿವಿಯ ಉಣ್ಣಿ ತೆಗೆಯುತ್ತ ಕೂತಿದ್ದ. ಶಂಖ ಕೇಳಿತು. ಮೋಟನ ಮೈಗೂದಲು ನೆಟ್ಟಗಾಯಿತು. ಬೆನ್ನು ಉಬ್ಬಿತು, ಕಾಲು ಬೆಳೆಯಿತು, ಹೋರಿಯಷ್ಟು ಎತ್ತರದ ಒಂದು ಪ್ರಾಣಿ ನಿಂತಿತು. ಕಣ್ಣಲ್ಲಿ ಗುರುತಿರಲಿಲ್ಲ. "ಮೋಟಾ, ನಾನೋ" ಎಂದ ದ್ಯಾಮಣ್ಣ. ಅಷ್ಟೇ ಅವನು ಆಡಿದ್ದು.

ಎರಡನೆಯ ಶಂಖಕ್ಕೆ ಆ ಪ್ರಾಣಿ ಕುಗ್ಗಿ ಮತ್ತೆ ಮೋಟನಾಯಿತು. ಅವನು ದ್ಯಾಮಣ್ಣನ ಹೆಣದ ಪಕ್ಕ ಮಲಗಿ, ಏಳಲಿ ಎಂದು ಅವನ ಕೆನ್ನೆ ನೆಕ್ಕತೊಡಗಿದ. ಹೊನ್ನವ್ವನ ಕೂಗು ಬೆಟ್ಟದಿಂದ ಬೆಟ್ಟಕ್ಕೆ ಕೇಳಿತು.

ದ್ಯಾಮಣ್ಣನನ್ನು ಮಣ್ಣು ಮಾಡಿ ಬರುವಷ್ಟರಲ್ಲೇ ಅರಮನೆಯವರು ಹಾಜರು. ಸಾವಿನ ಸುದ್ದಿ ಬೆಟ್ಟದಿಂದ ಇಳಿಯುವ ಮೊದಲೇ ಅವರು ಹೇಗೆ ಹತ್ತಿ ಬಂದರು ಎಂದು ಯಾರೂ ಕೇಳಲಿಲ್ಲ. "ಈ ಬೆಟ್ಟಕ್ಕೆ ಶಾಪ ತಟ್ಟಿದೆ. ಕೆಳಗಿಳಿದು ಬನ್ನಿ, ರಾಜರು ಕರುಣಾಳುಗಳು, ಕೆಳಗೆ ಜಾಗ ಕೊಡುತ್ತಾರೆ. ಬರುವಾಗ ಆ ನಾಯಿಯ ತಲೆ ತನ್ನಿ" ಎಂದರು.

ಹಟ್ಟಿಯ ಹಿರಿಯ ಬೀರಜ್ಜ ತಲೆ ತಗ್ಗಿಸಿದ. "ಮಾಳವ್ವ, ಹಿಂಡಿನ ರಕ್ತ ಕುಡಿದ ನಾಯಿನ ಸಾಕಿದ ಕೈಯೇ ಕೊಲ್ಲಬೇಕು. ಇದು ನಮ್ಮ ಹಿರಿಯರು ಹಾಕಿದ ಕಟ್ಟು. ನಾಳೆ ಹೊತ್ತು ಮುಳುಗೂದರಾಗ ಮುಗಸವ್ವ."

ಮಾಳವ್ವ ಎದ್ದು ನಿಂತಳು. "ಮುಗಸ್ತೀನಿ ಅಜ್ಜಾ. ಆದರ ಒಂದು ಹೇಳ್ರಿ. ಇವ ಹುಟ್ಟಿದಾಗಿಂದ ಮೊನ್ನೆ ತನಕ ಒಂದು ಮರೀಗೆ ಹಲ್ಲು ತಾಗಿಸ್ಯಾನೇನು? ಇವನ ಕಾವಲದಾಗ ನೀವೆಲ್ಲ ಕಾಲು ಚಾಚಿ ಮಲಗಿಲ್ಲೇನು? ನಿನ್ನೆ ತನಕ ನಮ್ಮ ಮೋಟ, ಇವತ್ತು 'ಆ ನಾಯಿ'! ಇವನ್ನ ಹಿಂಗ ಮಾಡಿದವರು ಯಾರಂತ ಕೇಳಾಕ ಒಬ್ಬರಿಗೂ ಬಾಯಿಲ್ಲೇನು?"

ಹೊನ್ನವ್ವ ಮುಖವೆತ್ತಿ ಹೇಳಿದಳು: "ಕೇಳು. ಯಾರಂತ ಕೇಳಿ ಬಾ. ಅಲ್ಲೀತನಕ ಅದನ್ನ ನನ್ನ ಕಣ್ಣೆದುರು ತರಬ್ಯಾಡ."

ಮಾಳವ್ವ ಮೋಟನನ್ನು ಬಂಡೆಯ ಹಿಂದೆ ಕರೆದುಕೊಂಡು ಹೋಗಿ ಮೈಯೆಲ್ಲ ತಡವಿ ನೋಡಿದಳು. ಹಳೆಯದೆಲ್ಲ ಹಾಗೇ ಇತ್ತು. ಹೊಸದು ಬಂಗಾರದ ಪಟ್ಟಿ ಒಂದೇ. ತಾನೇ ಕಟ್ಟಿದ್ದ ಪಟ್ಟಿಗೆ ಈಗ ಕೊಂಡಿಯೇ ಇರಲಿಲ್ಲ.

ಮೊದಲು ಉಣ್ಣೆ ಕತ್ತರಿಸುವ ಕತ್ತರಿ ಹಾಕಿದಳು. ಕತ್ತರಿ ಒಣರೊಟ್ಟಿಯ ಹಾಗೆ ಮುರಿಯಿತು. ಪಟ್ಟಿ ಒಂದು ಬೆರಳು ಬಿಗಿಯಾಯಿತು.

ಆಮೇಲೆ ಕಮ್ಮಾರನ ಹತ್ತಿರ ಒಯ್ದಳು. ಸುತ್ತಿಗೆ ಬಿದ್ದಲ್ಲೇ ಮೇಣವಾಗಿ ಕರಗಿತು. ಪಟ್ಟಿ ಇನ್ನೊಂದು ಬೆರಳು ಬಿಗಿಯಾಯಿತು. ಮೋಟನಿಗೆ ಉಸಿರಾಡಲೂ ಕಷ್ಟವಾಯಿತು.

ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಒಡ್ಡಿಯ ಮುಂದೆ ಕೂತು ಪಟ್ಟಿಯ ಮೇಲೆ ಬರಿಗೈ ಇಟ್ಟಳು. ಆಗ ಅವಳ ಬೆನ್ನಿಗೆ ಬಿಳಿಯವ್ವ ಬಂದು ನಿಂತಿತು. ಹಾಲೂಡಿ ಸಾಕಿದ ನಾಯಿಯೇ ತನ್ನ ಮರಿಯನ್ನು ಕೊಂದದ್ದನ್ನು ಕಂಡ ತಾಯಿ ಅದು. ಮುದಿಯಾಗಿದ್ದರೂ ಆ ಕುರಿ ತನ್ನ ಒಂದು ಮಾತನ್ನು ಉಪ್ಪಿಗೂ ಖರ್ಚು ಮಾಡದೆ ಉಳಿಸಿಕೊಂಡಿತ್ತು. ಈಗ ಆಡಿತು.

"ಮಗಳೇ, ಹುಲ್ಲಿನ ಬೇರುಗಳು ನೆಲದೊಳಗೆ ಎಲ್ಲವನ್ನೂ ಕೇಳುತ್ತವೆ, ಹುಲ್ಲು ತಿಂದ ನನಗೆ ಅದು ತಿಳಿಯುತ್ತದೆ. ಮೊದಲ ಶಂಖಕ್ಕೂ ಎರಡನೆಯ ಶಂಖಕ್ಕೂ ನಡುವೆ ಮಾತ್ರ ಆ ಕೊಂಡಿ ಕಾಣುತ್ತದೆ. ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಒಂದು ಕೈಯನ್ನು ಅವನ ಬಾಯಿಗೆ ಕೊಟ್ಟರೆ ಇನ್ನೊಂದು ಕೈಗೆ ಕೊಂಡಿ ಸಿಗುತ್ತದೆ. ನೋವಿಗೆ ಕೈ ಎಳೆದುಕೊಂಡೆಯೋ, ನೀನೂ ಇಲ್ಲ, ಅವನೂ ಇಲ್ಲ. ನನ್ನ ಮರಿ ಹೋಯಿತು. ಈ ಮಗನಾದರೂ ಉಳಿಯಲಿ."

ಅಷ್ಟು ಹೇಳಿ ಬಿಳಿಯವ್ವ ಮತ್ತೆ ಬರೀ ಕುರಿಯಾಗಿ ಮೇಯಲು ಹೋಯಿತು.

ಮಾಳವ್ವನಿಗೆ ಅಳು ಬರಲಿಲ್ಲ, ಉರಿ ಹತ್ತಿತು. ಇಡೀ ಸಭೆಯೆದುರು ತನ್ನ ಕೈಯಿಂದಲೇ ಕಟ್ಟಿಸಿದರಲ್ಲ! ಮರ್ಯಾದೆ ಎಂದು ಹೇಳಿ ಕಟ್ಟಿಸಿದರಲ್ಲ! ಅವಳು ಕುರಿಗಳನ್ನೂ ಜನರನ್ನೂ ಒಡ್ಡಿಯೊಳಗೆ ಹಾಕಿ ಬಾಗಿಲು ಬಿಗಿಸಿದಳು. ತಾನು ಮೋಟನ ಜೊತೆ ಬಯಲಲ್ಲಿ ಕೂತಳು. ಹಟ್ಟಿಯನ್ನು ಪೂರಾ ಹೆದರಿಸಲು ಅರಮನೆಯವರು ಇವತ್ತು ಊದಿಯೇ ಊದುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ನಡುಹಗಲಾಯಿತು. ಊದಿದರು.

ಮೋಟ ಎದ್ದ. ಬೆಳೆದ. ಅವನ ಕಣ್ಣಿಂದ ಅವನು ಹೊರಟುಹೋದ. ಎದುರಿಗೆ ನಿಂತ ಪ್ರಾಣಿ ಹಲ್ಲು ತೆರೆದು ಬಂತು. ಅದರ ಉಸಿರಿನಲ್ಲಿ ರಕ್ತದ ವಾಸನೆಯಿತ್ತು. ಓಡು ಓಡು ಎಂದು ಕಾಲು ಹೇಳಿದರೂ ಮಾಳವ್ವ ಕದಲದೆ ಎಡಗೈ ಚಾಚಿದಳು. "ತಗೋ. ಹೊತ್ತಿಗೆ ಹೊತ್ತಿಗೆ ನಿನಗ ಉಣಿಸಿದ ಕೈ ಇದು, ತಗೋ!"

ಹಲ್ಲು ಮಾಂಸಕ್ಕಿಳಿದವು. ಎಲುಬು ಮುರಿದ ಸದ್ದು ಒಡ್ಡಿಯೊಳಗಿದ್ದವರಿಗೂ ಕೇಳಿತು. ಮಾಳವ್ವ ಕೂಗಿದಳು, ಆದರೆ ಕೈ ಎಳೆದುಕೊಳ್ಳಲಿಲ್ಲ. ಬಲಗೈಯಿಂದ ರೋಮದೊಳಗೆ ತಡಕಿದಳು. ಕೊಂಡಿ ಸಿಕ್ಕಿತು. ಬಿಚ್ಚಿತು. ಬಂಗಾರದ ಪಟ್ಟಿ ಹುಲ್ಲಿನ ಮೇಲೆ ಬಿತ್ತು. ಬಿದ್ದ ಜಾಗದ ಹುಲ್ಲು ಸುಟ್ಟು ಕಪ್ಪಾಯಿತು. ಅವಳ ಕೈಯನ್ನು ಬಾಯಲ್ಲಿ ಹಿಡಿದು ನಿಂತಿದ್ದವನು ಈಗ ಮೋಟ. ಅವನು ಮೆಲ್ಲಗೆ ಬಾಯಿ ಬಿಟ್ಟ. ಅವಳ ಎರಡು ಬೆರಳು ಹೋಗಿದ್ದವು. ಅವನು ಹೊಟ್ಟೆ ನೆಲಕ್ಕೆ ಹಚ್ಚಿ ನಡುಗತೊಡಗಿದ.

"ನಿಂದಲ್ಲೋ ತಪ್ಪು" ಎಂದು ಮಾಳವ್ವ ಅವನ ತಲೆ ತಬ್ಬಿಕೊಂಡಳು. ಆಮೇಲೆ ಕೈಗೆ ಬಟ್ಟೆ ಸುತ್ತಿ, ಪಟ್ಟಿಯನ್ನು ಕಂಬಳಿಯಲ್ಲಿ ಕಟ್ಟಿ, ಮೋಟನಿಗೆ ಹಳೆಯ ಮುಳ್ಳುಪಟ್ಟಿ ಹಾಕಿದಳು.

ಹೊತ್ತು ಮುಳುಗಿದರೂ ಬೀರಜ್ಜ ಹಿರಿಯರ ಕಟ್ಟಿನ ಮಾತೆತ್ತಲಿಲ್ಲ. ಮರುದಿನ ಮಾಳವ್ವ ಅರಮನೆಗೆ ಹೊರಟಳು. ಒಡ್ಡಿಯ ಸಂದಿಯಿಂದ ಎಲ್ಲವನ್ನೂ ಕಂಡಿದ್ದ ಹೊನ್ನವ್ವ ಜೊತೆಗೆ ನಡೆದಳು. ಮೋಟನ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಅವರು ಸಭೆ ಮುಟ್ಟಿದಾಗ ರಾಜನ ಊಟದ ಹೊತ್ತು ಹತ್ತಿರವಾಗಿತ್ತು. ಹಟ್ಟಿಗೆ ಕೊನೆಯ ಪೆಟ್ಟು ಕೊಡಲೆಂದು ಗುರುಗಳು ಆ ದಿನವೂ ಶಂಖಕ್ಕೆ ಅಪ್ಪಣೆ ಕೊಟ್ಟಿದ್ದರು. ಕೊರಳಲ್ಲಿ ಬಂಗಾರವಿಲ್ಲದ ನಾಯಿಯನ್ನು ಕಂಡು ಸೌಮ್ಯಕೇತುವಿನ ಬಣ್ಣ ಇಳಿಯಿತು.

"ನಾಯಿಯ ತಲೆ ತರಲು ಹೇಳಿದ್ದೆವು" ಎಂದ ರಾಜ.

"ತಂದೀನಿ, ಮೈ ಸಮೇತ" ಎಂದಳು ಮಾಳವ್ವ. "ನಿಮ್ಮ ಮರ್ಯಾದೀನೂ ತಂದೀನಿ. ಕುರಿ ಕಾಯೋ ನಾಯಿಗೆ ಇದು ಭಾರ ಆತು ಮಹಾರಾಜಾ. ನಿಮ್ಮನ್ನ ಕಾಯೋರು ಗುರುಗಳು. ಅವರ ಕೊರಳಿಗೆ ನಿಮ್ಮ ಕೈಯಾರೆ ಕಟ್ಟಿರಿ, ನಾವು ಕಣ್ಣು ತುಂಬ ನೋಡಿ ಹೋಗ್ತೀವಿ."

ಸಭೆ ವಾಡಿಕೆಯಂತೆ ಚಪ್ಪಾಳೆ ತಟ್ಟಿತು.

"ಬೇಡ ಪ್ರಭೂ, ನಾನು ಸರಳ ಮನುಷ್ಯ" ಎಂದ ಸೌಮ್ಯಕೇತು.

"ಬಂಗಾರ ತಾನೇ? ಯಾಕ ಬ್ಯಾಡ?" ಹೊನ್ನವ್ವ ಮುಂದೆ ಬಂದಳು. "ನನ್ನ ಗಂಡ ಸತ್ತಾನ. ಯಾಕ ಬ್ಯಾಡ ಅಂತ ಹೇಳ್ರಿ, ಎಲ್ಲಾರೂ ಕೇಳಲಿ."

ಹೇಳಿದರೆ ಗುಟ್ಟು ರಟ್ಟು. ಸೌಮ್ಯಕೇತು ಒಂದು ಹೆಜ್ಜೆ ಹಿಂದೆ ಸರಿದ. ರಾಜನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಅವನು ಕೇಳಿರಲೇ ಇಲ್ಲವಲ್ಲ! "ಗುರುಗಳ ವಿನಯ ನೋಡಿ" ಎಂದು ನಗುತ್ತ ತಾನೇ ಎದ್ದು ಬಂದು ಪಟ್ಟಿ ಕಟ್ಟಿದ. ಹೊತ್ತಿಗೆ ಸರಿಯಾಗಿ, ಏನೂ ಅರಿಯದ ಸೇವಕ ಊಟದ ಶಂಖ ಊದಿದ.

ಗುರುವಿನ ಬೆನ್ನು ಉಬ್ಬಿತು. ರೇಷ್ಮೆ ಹರಿಯಿತು. ಸಭೆಯ ನಡುವೆ ಆ ಪ್ರಾಣಿ ಗುಡುಗಿತು. ಸೇವಕ ಬೆಚ್ಚಿ ಶಂಖ ಕೈಬಿಟ್ಟ, ಅದು ಚೂರುಚೂರಾಯಿತು. ಎರಡನೆಯ ಸಲ ಊದಲು ಇನ್ನು ಶಂಖವೇ ಇರಲಿಲ್ಲ. ಚಪ್ಪಾಳೆ ತಟ್ಟಿದವರೆಲ್ಲ ಕಂಬದ ಮರೆಗೆ, ರಾಜ ಸಿಂಹಾಸನದ ಬೆನ್ನಿನ ಮೇಲೆ! ಮೋಟ ಮಾತ್ರ ಅದರ ಎದುರು ನಿಂತ. ಅದು ಅವನ ಗಂಟಲಿಗೆ ಬಾಯಿ ಹಾಕಿತು. ಕಬ್ಬಿಣದ ಮುಳ್ಳು ಅಂಗುಳಕ್ಕೆ ನೆಟ್ಟಾಗ ಆ ಪ್ರಾಣಿ ಹಿಂದೆ ಬಿತ್ತು. ಅಷ್ಟರಲ್ಲಿ ಭಟರು ಸರಪಳಿ ಬಿಗಿದರು.

"ಕಾಪಾಡಮ್ಮಾ! ಇದನ್ನು ಬಿಡಿಸುವುದು ಹೇಗೆ?" ಎಂದ ರಾಜ.

ಮಾಳವ್ವ ಬಟ್ಟೆ ಬಿಚ್ಚಿ ತನ್ನ ಎಡಗೈ ತೋರಿಸಿದಳು. "ಹಿಂಗ. ಕಟ್ಟಿದವರೇ ಬಿಚ್ಚಬೇಕು. ಒಂದು ಕೈ ಅದರ ಬಾಯಿಗೆ ಕೊಡ್ರಿ, ಇನ್ನೊಂದು ಕೈಗೆ ಕೊಂಡಿ ಸಿಗತೈತಿ. ನಿಮ್ಮ ಗುರುಗಳಿಗೋಸ್ಕರ ಅಷ್ಟು ಮಾಡೂದಿಲ್ಲೇನು?"

ರಾಜ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಬಾಳಿನುದ್ದಕ್ಕೂ ಗುರುವಿಗಾಗಿ ಅವುಗಳನ್ನು ಮುಂದೆ ಚಾಚಲಿಲ್ಲ. ಆ ಪ್ರಾಣಿ ಅರಮನೆಯ ಅಂಗಳದಲ್ಲೇ ಸರಪಳಿಯಲ್ಲಿ ಉಳಿಯಿತು, ರಾಜ ಊಟಕ್ಕೆ ಕೂತಾಗಲೆಲ್ಲ ಅವನ ಮುಖವನ್ನೇ ನೋಡುತ್ತ ಕೂತಿರುತ್ತಿತ್ತು.

ಹುಲ್ಲುಮಲೆ ಕುರಿಗಾಹಿಗಳಿಗೇ ಉಳಿಯಿತು. ರಾಜ ಅಜ್ಜನ ಆಣೆಯನ್ನು ಮತ್ತೊಮ್ಮೆ ಇಟ್ಟ. ಮಾಳವ್ವನಿಗೆ ಶಾಲು, ಮೋಟನಿಗೆ ಹೂಮಾಲೆ ಕಳಿಸಿದ. ಅವಳು ಎರಡನ್ನೂ ಬಾಗಿಲಿಂದಲೇ ಹಿಂದಕ್ಕೆ ಕಳಿಸಿದಳು. ಅಲ್ಲಿಂದ ಮುಂದೆ ಆ ಬೆಟ್ಟದವರು ಅರಮನೆಯಿಂದ ಬಂದ ಯಾವುದನ್ನೂ ಕೊರಳಿಗೆ ಹಾಕಿಕೊಳ್ಳಲಿಲ್ಲ.

ಇಂಥ ಕತೆಯನ್ನು ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಬೇಕು. ಇದ್ದರು, ನಿಜ. ಕುರಿಗಳು ಈದವು, ಹುಲ್ಲು ಬೆಳೆಯಿತು. ಆದರೆ ಹೊನ್ನವ್ವನ ಎದುರು ಆ ಮಾತು ಆಡುವ ಧೈರ್ಯ ನನಗಿಲ್ಲ.

ಮೋಟ ದಿನಾ ಬೆಳಗ್ಗೆ ಅವಳ ಗುಡಿಸಲಿನ ಮುಂದೆ ಹೋಗಿ, ತಲೆ ತಗ್ಗಿಸಿ ಕೂತಿರುತ್ತಿದ್ದ. ಅವಳು ಕಲ್ಲು ಎಸೆಯಲಿಲ್ಲ, ಬಾ ಎನ್ನಲೂ ಇಲ್ಲ. ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಮಳೆಗಾಲ ಹೋಗಿ ಚಳಿಗಾಲ ಬಂತು. ಒಂದು ದಿನ ಒಲೆಯ ಮುಂದಿನಿಂದ ಎದ್ದು ಬಂದು, ಮೊದಲ ರೊಟ್ಟಿಯನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟಳು.

"ತಿನ್ನು" ಎಂದಳು. ಒಳಗೆ ಹೋಗಿ ಅತ್ತಳು. ಅವಳ ಅಳು ನಿಲ್ಲುವವರೆಗೂ ಮೋಟ ರೊಟ್ಟಿ ಮುಟ್ಟಲಿಲ್ಲ.