ಕೊನೆಯ ಕುರ್ಚಿಯ ಮೇಲೊಂದು ದೂರು

ಬೆಳಿಗ್ಗೆ ಎಂಟಕ್ಕೆ ಊಟದ ಕೋಣೆಯ ಪರದೆ ಹೊತ್ತಿಕೊಂಡಿತು. ಚಹಾ ಲೋಟ ಹಿಡಿದವರೆಲ್ಲ ತಲೆಯೆತ್ತಿ ಓದಿದರು.

‘ಕೊನೇ ಕುರ್ಚಿ ದೊಡ್ಡಮ್ಮಂಗೆ ಕಣ್ಣು ಮಂಜಾಗಿದೆ ಆರು ತಿಂಗಳಾಯ್ತು ಅವಳ ಪಾಲಿನ ಕೆಲಸ ಬೇರೆಯವರು ಮಾಡ್ತಿದಾರೆ ಇದು ಮಾತ್ರೆ ವಿಷಯ ಅವಳನ್ನ ಮನೆಗೆ ಕಳಿಸಿ’

ಕೆಳಗೆ ಹೆಸರಿರಲಿಲ್ಲ.

ನಮ್ಮದು ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆ. ಯಂತ್ರದಿಂದ ಸರಿದು ಬರುವ ಪಟ್ಟಿಗಳಲ್ಲಿ ಒಡೆದ ಮಾತ್ರೆ ಇದೆಯೇ, ಖಾಲಿ ಗುಳಿ ಇದೆಯೇ ಎಂದು ಕೊನೆಯದಾಗಿ ನೋಡುವವರು ದೊಡ್ಡಮ್ಮ. ಮೂವತ್ತು ವರ್ಷದಿಂದ ಅದೇ ಕುರ್ಚಿ. ಅವರ ಕಣ್ಣು ಮಂಜಾದದ್ದು ಆ ಸಾಲಿನವರಿಗೆಲ್ಲ ಗೊತ್ತಿತ್ತು, ಹಾಜರಿ ಬರೆಯುವ ನನಗೂ. ಅವರು ನೋಡಿ ದೂಡಿದ ಪಟ್ಟಿಯನ್ನು ಪೆಟ್ಟಿಗೆಗೆ ತುಂಬುವ ಗುಂಗುರು ಸದ್ದಿಲ್ಲದೆ ಇನ್ನೊಮ್ಮೆ ನೋಡುತ್ತಿದ್ದಳು. ಸುರುಳಿ ಕೂದಲಿನ ಹುಡುಗಿ, ಅದಕ್ಕೇ ಆ ಹೆಸರು.

ಹಳೆಯ ಯಜಮಾನರ ಕಾಲದಲ್ಲಿ ಇದು ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಹೊಸ ಕಂಪನಿ ಬಂತು. ದಿನಕ್ಕೆ ಎಷ್ಟು ಪಟ್ಟಿ ಎಂದು ಪ್ರತಿ ಕುರ್ಚಿಗೂ ಅದರದೇ ಎಣಿಕೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕಕೂಡದು. ಕೋಟು ಬದಲಿಸುವ ಕೋಣೆಯ ಹಿಂದೆ ‘ಬಿಚ್ಚುಮಾತು’ ಎಂಬ ಮರದ ಗೂಡೂ ಬಂತು. ಬಾಗಿಲು ಹಾಕಿಕೊಂಡು ದೂರನ್ನು ಹೆಸರಿಲ್ಲದೆ ಬೆರಳಲ್ಲಿ ಒತ್ತಬಹುದು, ಇಲ್ಲವೇ ಬಾಯಲ್ಲಿ ಹೇಳಬಹುದು. ಅಕ್ಷರ ಮೂಡುತ್ತದೆ, ದನಿ ಉಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಅದು ಎಲ್ಲರೆದುರು ಪರದೆಯ ಮೇಲೆ.

ಮಧ್ಯಾಹ್ನಕ್ಕೆ ದೊಡ್ಡಮ್ಮನನ್ನು ಮನೆಗೆ ಕಳಿಸಿದರು. ಆ ವಾರ ಊಟದ ಹೊತ್ತಿಗೆ ಗುಂಗುರಿನ ಮೇಜಿಗೆ ಯಾರೂ ಹೋಗಲಿಲ್ಲ. ಎರಡು ಕುರ್ಚಿಯ ಕೆಲಸ ಮಾಡಿ ಸೋತವಳು ಅವಳು. ಎಣಿಕೆಯಲ್ಲಿ ಎಲ್ಲರಿಗಿಂತ ಕೆಳಗಿದ್ದವಳು. ದೂರು ಕೊಡಲು ಇನ್ಯಾರಿಗೆ ಕಾರಣವಿತ್ತು?

ಶುಕ್ರವಾರ ಅವಳು ರಾಜೀನಾಮೆ ಬರೆದಿಟ್ಟಳು. ಸೋಮವಾರದಿಂದ ಬರುವುದಿಲ್ಲ.

ಶನಿವಾರ ಮ್ಯಾನೇಜರ್, ದೂರು ಕೊಟ್ಟವರು ಯಾರೆಂದು ತಿಳಿಯಲು, ಒಬ್ಬ ನಿವೃತ್ತರನ್ನು ಕರೆಸಿದರು. ಪೊಲೀಸ್ ಇಲಾಖೆಯಲ್ಲಿ ಕೈಬರಹ ಪರೀಕ್ಷಿಸುತ್ತಿದ್ದವರು. ಬಂದ ಅರ್ಧ ಗಂಟೆಯಲ್ಲೇ ನಮ್ಮವರು ಅವರಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟಾಗಿತ್ತು.

“ಕೈಬರಹವೇ ಇಲ್ಲದ ಪತ್ರ,” ಅವರು ನನ್ನ ಕಡೆ ತಿರುಗಿ ನಕ್ಕರು. “ನಾನು ಕಲಿತಿದ್ದೆಲ್ಲ ಮಣ್ಣುಪಾಲು. ನೀವು ಬರ್ಕೊಳ್ಳಿ ಅಮ್ಮ. ಯಾರು ಹೇಗೆ ಹೇಳ್ತಾರೋ, ಹಾಗೇ.”

ಮೊದಲು ಮೀಸೆ ಮೇಸ್ತ್ರಿ.

“ದೊಡ್ಡಮ್ಮನಿಗೂ ನಿಮಗೂ ಆಗ್ತಿರಲಿಲ್ಲವಂತೆ?”

“ನನ್ನ ಮೀಸೆ ಸವೆದ ಬ್ರಶ್ ಥರ ಇದೆ ಅಂದಿದ್ರು, ಎಲ್ಲರ ಮುಂದೆ. ಮೂರು ವರ್ಷ ಮಾತು ಬಿಟ್ಟಿದ್ದೆ.”

“ಸಿಟ್ಟು ಇನ್ನೂ ಇದೆ?”

“ಇದೆ. ಹಾಗಂತ ಅವರ ಅನ್ನ ಕಿತ್ಕೊಳ್ತೀನಾ?”

ಆಮೇಲೆ ಮ್ಯಾನೇಜರ್.

“ನೀವೇ ಯಾಕೆ ಬರೆದಿರಬಾರದು?”

“ಅವರ ಕಣ್ಣಿನ ವಿಷಯ ನನಗೆ ಗೊತ್ತಾಗಿದ್ದೇ ಆ ಬೆಳಿಗ್ಗೆ. ಎಲ್ಲರೂ ಬಾಯಿ ಬಿಟ್ಟು ಮಾತಾಡ್ಲಿ ಅಂತ ಆ ಗೂಡು ಇಡಿಸಿದೆ ಸರ್. ಈಗ ಊಟದ ಕೋಣೇಲಿ ಚಮಚದ ಸದ್ದು ಬಿಟ್ರೆ ಬೇರೇನೂ ಕೇಳಲ್ಲ.”

ಕೊನೆಗೆ ಗುಂಗುರು. ಕುಳಿತುಕೊಳ್ಳಲಿಲ್ಲ.

“ತೀರ್ಮಾನ ಆಗಿದೆಯಲ್ಲ ಸರ್. ನಾನೇ ಅಂತ ಬರ್ಕೊಳ್ಳಿ.”

“ನೀನೇನಾ?”

ಅವಳು ಕೋಟಿನ ಗುಂಡಿ ತಿರುಚುತ್ತ ನಿಂತಳು. “ಹೋದ ತಿಂಗಳು ಒಂದು ಪಟ್ಟಿ ನನ್ನ ಕಣ್ಣೂ ತಪ್ಪಿಸ್ತು. ಹೃದಯದ ಮಾತ್ರೆ, ಒಂದು ಗುಳಿ ಖಾಲಿ. ತಗೊಂಡೋರು ಅಂಗಡಿಗೆ ತಂದ್ಕೊಟ್ಟು, ಅಲ್ಲಿಂದ ವಾಪಸ್ ಬಂತು. ದೊಡ್ಡಮ್ಮಂಗೆ ಮಾತ್ರ ಹೇಳಿದೆ. ಅವರು ಆವತ್ತು ಊಟ ಮಾಡ್ಲಿಲ್ಲ.”

ಭೂತಗನ್ನಡಿ ಎದ್ದರು. “ಅವರ ಮನೆ ತೋರಿಸ್ತೀರಾ ಅಮ್ಮ?”

ಎರಡನೆಯ ಮಹಡಿ. ದೊಡ್ಡಮ್ಮ ಬಾಗಿಲ ಚೌಕಟ್ಟು ಸವರುತ್ತ ಬಂದರು. ನನ್ನ ದನಿ ಕೇಳಿ ಮುಖ ಅರಳಿತು. ಸೊಸೆ ಕಾಫಿ ತಂದಿಟ್ಟಳು.

“ಹೇಗಿದೀರಿ?” ಎಂದೆ.

“ದೊಡ್ಡಮ್ಮಂಗೇನಾಗಿದೆ? ಕೂತ್ಕೊಂಡು ಉಣ್ತಾಳೆ. ಹೊತ್ತು ಹೋಗಲ್ಲ ಅವಳಿಗೆ, ಅಷ್ಟೇ.” ಆಮೇಲೆ ನನ್ನ ಕಡೆ ಬಾಗಿ, “ಗುಂಗುರು ಎಣಿಕೆ ಈಗ ಏರಿರಬೇಕಲ್ಲ?” ಎಂದರು.

ಭೂತಗನ್ನಡಿ ಲೋಟ ಕೆಳಗಿಟ್ಟರು.

“ಬರ್ಕೊಂಡಿದ್ದು ಓದಿ ಅಮ್ಮ. ಇವರನ್ನ ಯಾರು ಏನಂತ ಕರೆದಿದಾರೆ, ಅಷ್ಟೇ ಓದಿ.”

ಓದಿದೆ. “ಮೇಸ್ತ್ರಿ — ‘ಅಂದಿದ್ರು’, ‘ಅವರ ಅನ್ನ’. ಮ್ಯಾನೇಜರ್ — ‘ಅವರ ಕಣ್ಣಿನ ವಿಷಯ’. ಗುಂಗುರು — ‘ಅವರು ಆವತ್ತು ಊಟ ಮಾಡ್ಲಿಲ್ಲ’.”

“ಪರದೆ ಮೇಲೆ ಏನಿತ್ತು?”

“‘ಅವಳ ಪಾಲಿನ ಕೆಲಸ’, ‘ಅವಳನ್ನ ಮನೆಗೆ ಕಳಿಸಿ’.”

“ನೀವೆಲ್ಲ ಅದನ್ನ ದ್ವೇಷ ಅಂದ್ಕೊಂಡ್ರಿ. ಆದ್ರೆ ಮೂರು ವರ್ಷ ಮಾತು ಬಿಟ್ಟೋರ ಬಾಯಲ್ಲೂ ಆ ಮಾತು ಬರ್ಲಿಲ್ಲ. ಆ ಕಾರ್ಖಾನೇಲಿ ದೊಡ್ಡಮ್ಮನ್ನ ‘ಅವಳು’ ಅನ್ನೋ ಬಾಯಿ ಒಂದೇ. ಈಗಷ್ಟೇ ಕೇಳಿದ್ವಲ್ಲ. ಇನ್ನೊಂದು — ಆ ದೂರಲ್ಲಿ ವಾಕ್ಯ ಮುಗಿಸೋ ಒಂದು ಚುಕ್ಕೀನೂ ಇಲ್ಲ. ಬಾಯಲ್ಲಿ ಹೇಳಿದ್ದು ಅದು. ಕದ್ದು ದೂರು ಕೊಡೋರು ಬಾಯಿ ಬಿಡ್ತಾರಾ? ಬೆರಳಲ್ಲಿ ಒತ್ತುತ್ತಾರೆ — ಅಕ್ಷರ ಕಾಣೋದಾದ್ರೆ.” ದನಿ ಇಳಿಸಿದರು. “ದೂರು ಕೊಟ್ಟಿದ್ದು ನೀವೇ ಅಲ್ವಾ ದೊಡ್ಡಮ್ಮ?”

ಅವರು ಮಡಿಲಲ್ಲಿ ಕೈ ಜೋಡಿಸಿಕೊಂಡರು.

“ಕೆಲಸ ಬಿಡ್ತೀನಿ ಅಂತ ಎರಡು ಸಲ ಹೇಳಿದೆ. ಈ ಹಾಜರಿಯವಳೇ ‘ಸುಮ್ನಿರಿ, ನಾವಿಲ್ವಾ’ ಅಂದ್ಲು. ಯಾರದೋ ಮನೇಲಿ ಯಾರೋ ಆ ಖಾಲಿ ಗುಳಿ ಒತ್ತಿ ನೋಡಿರ್ತಾರೆ ಅಂತ ನನಗೆ ನಿದ್ದೆ ಇಲ್ಲ. ಹೆಸರು ಬೇಡ ಅಂತ ಆ ಗೂಡು ಹೇಳ್ತಿತ್ತಲ್ಲ. ಹೆಸರಿಲ್ದೆ ಹೇಳಿದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ.”

“ಆ ಹುಡುಗಿ ಸೋಮವಾರದಿಂದ ಬರಲ್ಲ,” ಭೂತಗನ್ನಡಿ ಹೇಳಿದರು. “ಅವಳೇ ಚಾಡಿ ಹೇಳಿದ್ದು ಅಂತ ಯಾರೂ ಮಾತಾಡಿಸ್ತಿಲ್ಲ.”

ದೊಡ್ಡಮ್ಮನ ಮಂಜು ಕಣ್ಣು ನನ್ನನ್ನು ಹುಡುಕಿತು.

“ಯಾರೂ ಅಂದ್ರೆ? ನೀನೂನಾ?”

ಪುಸ್ತಕ ಮುಚ್ಚಿದೆ. “ಹೂಂ, ದೊಡ್ಡಮ್ಮ.”

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

“ಗುಂಗುರು ಮನೆಗೆ ಕರ್ಕೊಂಡು ಹೋಗು. ಕೈ ಕೊಡು, ಮೆಟ್ಟಿಲು ಕಾಣಲ್ಲ ನನಗೆ.”